ಡಬ್ಬಿ ಅಂತ ಬರೆದ ಡಬ್ಬಿ

ಸಮುದ್ರದ ಹುಳಗಳನ್ನು ಬ್ಯಾಡಗಿಯ ಮೆಣಸಿನಕಾಯಿ ಕೋಲ್ಡ್ ಸ್ಟೋರೇಜಿನಲ್ಲಿ ಯಾಕೆ ಇಟ್ಟಿದ್ದೆ ಎಂದು ಕೇಳಿದವರಿಗೆಲ್ಲ ನಾನು ಒಂದೇ ಉತ್ತರ ಕೊಡುತ್ತೇನೆ. ಒಮ್ಮೆ ನಮ್ಮ ಕಾಲೇಜಿನ ಫ್ರಿಜ್ಜು ನೋಡಿ ಬನ್ನಿ. ಹಾವೇರಿಯ ನಮ್ಮ ಪ್ರಾಣಿಶಾಸ್ತ್ರ ವಿಭಾಗದಲ್ಲಿ ಬೇಸಿಗೆ ಬಂತೆಂದರೆ ಅದು ಫ್ರಿಜ್ಜಾಗಿ ಉಳಿಯುವುದಿಲ್ಲ, ಬಾಗಿಲಿರುವ ಕಪಾಟಾಗುತ್ತದೆ. ಕರೆಂಟು ಹೋದರೆ ಒಳಗಿನ ಮಾದರಿಗಳ ಜತೆ ಅಟೆಂಡರ್ ಇಟ್ಟ ಮಜ್ಜಿಗೆಯೂ ಬಿಸಿಯಾಗುತ್ತದೆ. ಮುಚ್ಚಳ ಎಷ್ಟೇ ಬಿಗಿ ಮಾಡಿದರೂ ಆ ಸೆಕೆಗೆ ಆಲ್ಕೋಹಾಲ್ ಆವಿಯಾಗುತ್ತ ಹೋಗುತ್ತದೆ. ಅದರೊಳಗಿನ ಮೆತ್ತಗಿನ ಪ್ರಾಣಿ ಒಣಗಿ ಚಕ್ಕಳವಾದರೆ ಮುಂದೆ ಯಾವ ಕತ್ತರಿಯೂ ಅದನ್ನು ಸರಿಯಾಗಿ ಬಿಡಿಸಲಾರದು.

ನಾನು ಅಲ್ಲಿ ಅತಿಥಿ ಉಪನ್ಯಾಸಕಿ. ಮನೆ ರಾಣೆಬೆನ್ನೂರಿನಲ್ಲಿ. ದಿನಾ ಪ್ಯಾಸೆಂಜರ್ ರೈಲಿನಲ್ಲಿ ಹೋಗಿ ಬರುತ್ತೇನೆ. ಪಾಠದ ಜತೆಗೆ ಪಿಎಚ್.ಡಿ. ಕೆಲಸವೂ ನಡೆದಿತ್ತು. ವಿಷಯ ಸೀ ಸ್ಲಗ್‌ಗಳು, ಅಂದರೆ ಬಸವನಹುಳುವಿನ ಕಡಲ ಬಂಧುಗಳು, ಬೆನ್ನ ಮೇಲಿನ ಚಿಪ್ಪನ್ನು ಎಂದೋ ಕಳೆದುಕೊಂಡವು. ರಜೆ ಸಿಕ್ಕಾಗಲೆಲ್ಲ ಕಾರವಾರದ ಕಡೆ ಹೋಗಿ, ಇಳಿತದ ಹೊತ್ತಿಗೆ ಬಂಡೆಗಳ ನಡುವಿನ ನೀರುಗುಂಡಿಗಳಲ್ಲಿ ಬಗ್ಗಿ ಹುಡುಕಿ ತರುತ್ತಿದ್ದೆ. ರೈಲಿನಲ್ಲಿ ದಿನಾ ಎದುರು ಕೂರುವವರು ನನಗೆ ‘ಹುಳದ ಮ್ಯಾಡಂ’ ಎಂದು ಹೆಸರಿಟ್ಟಿದ್ದರು. ಸಮುದ್ರ ಎಲ್ಲಿ, ಹಾವೇರಿ ಎಲ್ಲಿ ಎಂದು ನಗುತ್ತಿದ್ದರು. ನನಗೆ ಸಿಟ್ಟು ಬರುತ್ತಿತ್ತು, ತೋರಿಸಿಕೊಳ್ಳುತ್ತಿರಲಿಲ್ಲ.

ಒಂದೇ ತೀರದಲ್ಲಿ, ಒಂದೇ ಬಗೆಯ ಸ್ಪಂಜಿನ ಮೇಲೆ ಎರಡು ಆಕಾರದ ಸ್ಲಗ್‌ಗಳು ನನಗೆ ಸಿಕ್ಕಿದ್ದವು. ಎರಡಕ್ಕೂ ಹಾಲಿನಂಥ ಬಿಳಿ ಮೈ, ಮೈಯ ಸುತ್ತ ಕಡುಗೆಂಪು ಅಂಚು, ತಲೆಯ ಮೇಲೆ ಎರಡು ಪುಟ್ಟ ಕೊಂಬು, ಬೆನ್ನ ಹಿಂಭಾಗದಲ್ಲಿ ಹೂವಿನಂತೆ ಅರಳುವ ಕಿವಿರು. ಆದರೆ ಒಂದು ತೆಳ್ಳಗೆ, ಉದ್ದಕ್ಕೆ, ಅಂಚು ಸುಕ್ಕುಗಟ್ಟಿದಂತೆ. ಇನ್ನೊಂದು ಗುಂಡಗೆ, ತುಂಬಿಕೊಂಡಂತೆ. ನಮ್ಮ ಕಡೆಯವರ ಕಣ್ಣಿಗೆ ಬಿದ್ದರೆ ಬೇರೆ ಹೆಸರು ಹುಡುಕಬೇಕಾಗಿಯೇ ಇಲ್ಲ. ಬ್ಯಾಡಗಿ ಮೆಣಸಿನಕಾಯಿಯಲ್ಲಿ ತೆಳ್ಳಗಿನ ಸುಕ್ಕಿನದು ಕಡ್ಡಿ, ಗಿಡ್ಡಗೆ ದುಂಡಗಿರುವುದು ಡಬ್ಬಿ. ನಾನೂ ಹಾಗೇ ಕರೆದೆ.

ಎರಡರಿಂದಲೂ ಚೆನ್ನಾಗಿ ಎದ್ದು ಕಾಣುವ ಕೆಲವನ್ನು ಆರಿಸಿ ಕೊಯ್ದೆ. ಸ್ಲಗ್‌ಗಳ ಗುರುತು ಹೊರಗಿನದಕ್ಕಿಂತ ಒಳಗಿನದೇ ಗಟ್ಟಿ. ಬಾಯೊಳಗೆ ರಾಡ್ಯುಲಾ ಎಂಬ ಹಲ್ಲಿನ ಪಟ್ಟಿ ಇರುತ್ತದೆ, ಸಾಲುಸಾಲು ಸಣ್ಣ ಕೊಕ್ಕೆಗಳು. ಬಾಯಿಯ ಮಾಂಸವನ್ನು ಕ್ಷಾರದಲ್ಲಿ ಕರಗಿಸಿ, ಉಳಿದ ಪಟ್ಟಿಯನ್ನು ತೊಳೆದು ಗಾಜಿನ ಮೇಲೆ ಹರಡಿ ಸೂಕ್ಷ್ಮದರ್ಶಕದಲ್ಲಿ ನೋಡಬೇಕು. ಕಡ್ಡಿಯ ಹಲ್ಲಿನ ಅಂಚು ಹೆಚ್ಚುಕಡಿಮೆ ನುಣುಪಾಗಿತ್ತು. ಡಬ್ಬಿಯ ಹಲ್ಲಿಗೆ ಗರಗಸದಂತೆ ಕಚ್ಚುಗಳಿದ್ದವು. ಕಡ್ಡಿಯ ವಿವರ ಬಹಳ ಹಿಂದೆಯೇ ಹೆಸರು ಪಡೆದ ಒಂದು ಜಾತಿಗೆ ಸರಿಹೊಂದಿತು. ಡಬ್ಬಿ ಯಾವುದಕ್ಕೂ ಹೊಂದಲಿಲ್ಲ. ಅಂದರೆ ಹೊಸ ಜಾತಿ. ವಿಶ್ವವಿದ್ಯಾಲಯದಲ್ಲಿದ್ದ ನನ್ನ ಗೈಡ್ ಸರ್ ಚಿತ್ರಗಳನ್ನು ನೋಡಿ ಖುಷಿಪಟ್ಟರು. ಹೊಸ ಜಾತಿಯ ಆಧಾರ ಮಾದರಿಯಾಗಿ ಒಂದು ದೊಡ್ಡ ಡಬ್ಬಿ ಸ್ಲಗ್ಗನ್ನು ತಮ್ಮ ಲ್ಯಾಬಿನಲ್ಲೇ ಇಟ್ಟುಕೊಂಡು ಪ್ರಬಂಧ ಬರೆಯಲು ಹೇಳಿದರು. ನನ್ನ ಪಿಎಚ್.ಡಿ.ಯ ಬೆನ್ನೆಲುಬು ಆ ಒಂದು ಅಧ್ಯಾಯವೇ. ಉಳಿದದ್ದೆಲ್ಲ ಬರೀ ಹೆಸರುಗಳ ಪಟ್ಟಿ.

ಕೆಂಪು ಅಂಚಿನ ನೆಪದಲ್ಲಿ ಜಾತಿಗೆ ಬ್ಯಾಡಗಿಯ ಹೆಸರಿಡೋಣ ಎಂದು ಹೊಳೆದದ್ದು ನನಗೇ. ಅದನ್ನು ಮಾಮೂಗೆ, ಅಮ್ಮಿಯ ಅಣ್ಣನಿಗೆ, ಹೇಳಿಬಿಟ್ಟೆ. ಅವರು ಬ್ಯಾಡಗಿಯ ಒಂದು ಕೋಲ್ಡ್ ಸ್ಟೋರೇಜಿನಲ್ಲಿ ಮೇಲ್ವಿಚಾರಕರು. ಮನೆಯಲ್ಲಿ ನಾವೆಲ್ಲ ಉರ್ದು ಆಡುತ್ತೇವೆ. ಮಾಮೂಗೆ ಮಾತ್ರ ಸಿಟ್ಟಾಗಲಿ, ಹಿಗ್ಗಾಗಲಿ ಜಾಸ್ತಿಯಾದರೆ ಕನ್ನಡ ಬರುತ್ತದೆ, ದಿನವಿಡೀ ಹಮಾಲರ ಜತೆ, ವ್ಯಾಪಾರಸ್ಥರ ಜತೆ ಮಾತಾಡಿ ಬಂದ ಕನ್ನಡ.

“ಸಮುದ್ರದಾಗಿನ ಹುಳಕ್ಕ ನಮ್ಮ ಬ್ಯಾಡಗಿ ಹೆಸರ? ಎಲ್ಲಾ ದೇಶದಾಗೂ ಹಂಗ ಕರೀತಾರ?”

“ಪುಸ್ತಕದಾಗ ಹಂಗ ಇರ್ತೈತಿ ಮಾಮೂ.”

“ಹಂಗಾರ ನಿನ್ನ ಡಬ್ಬಿಗೋಳು ನಮ್ಮಲ್ಲೇ ಇರ್ಲಿ ಬೇಟಾ. ಮೆಣಸಿನಕಾಯಿ ಬಣ್ಣ ಉಳಸೋ ಥಂಡಿ ನಿನ್ನ ಹುಳ ಉಳಸೂದಿಲ್ಲೇನು?”

ಹೀಗೆ ನನ್ನ ಎರಡು ಬಿಳಿ ಪ್ಲಾಸ್ಟಿಕ್ ಡಬ್ಬಿಗಳು ಮೋಟೆಬೆನ್ನೂರು ರಸ್ತೆಯ ಆ ದೊಡ್ಡ ಕಟ್ಟಡದ ಥಂಡಿ ಕೋಣೆ ಸೇರಿದವು. ಸುತ್ತ ಛಾವಣಿ ಮುಟ್ಟುವಂತೆ ಪೇರಿಸಿದ ಚೀಲಗಳು. ಮೂಲೆಯಲ್ಲೊಂದು ರ‍್ಯಾಕು, ಅದರ ಮೇಲೆ ನನ್ನ ಹುಳಗಳು. ಹೊರಗೆ ನಾನು ವೈಜ್ಞಾನಿಕ ವಿವರ, ಸ್ಥಳ ಎಲ್ಲ ಬರೆದ ಚೀಟಿ ಅಂಟಿಸಿದ್ದೆ. ಮಾಮೂ ಅದನ್ನು ನೋಡಿ ತಲೆಯಾಡಿಸಿದರು.

“ಇಂಗ್ಲಿಷಿನ್ಯಾಗ ಬರದ್ರ ಇಲ್ಲಿ ಯಾರಿಗೂ ತಿಳಿಯೂದಿಲ್ಲ. ಕಸ ಅಂತ ಒಗದಾರು. ಕನ್ನಡದಾಗ ದೊಡ್ಡದಾಗಿ ಬರಿ.”

ಅವರ ಮಾತು ಸರಿಯೆನಿಸಿತು. ಮಾರ್ಕರ್ ಪೆನ್ನು ತೆಗೆದುಕೊಂಡು ಒಂದರ ಮೇಲೆ ‘ಕಡ್ಡಿ’ ಎಂದೂ ಇನ್ನೊಂದರ ಮೇಲೆ ‘ಡಬ್ಬಿ’ ಎಂದೂ ದೊಡ್ಡದಾಗಿ ಬರೆದೆ. ಬ್ಯಾಡಗಿಯಲ್ಲಿ, ಮೆಣಸಿನಕಾಯಿ ಕೋಲ್ಡ್ ಸ್ಟೋರೇಜಿನ ಒಳಗೆ ನಿಂತು ಹಾಗೆ ಬರೆಯುತ್ತಿದ್ದೇನೆ ಎಂಬುದು ನನಗಾಗಲಿ ಮಾಮೂಗಾಗಲಿ ಹೊಳೆಯಲಿಲ್ಲ. ಆ ಎರಡು ಪದಗಳು ನಮ್ಮಿಬ್ಬರಿಗೂ ಅಷ್ಟು ಬಳಕೆಯವು.

ಅದೊಂದು ಶುಕ್ರವಾರ. ಮಾಮೂ ಜುಮ್ಮಾ ನಮಾಜಿಗೆ ಹೋಗಿದ್ದರು. ಮೆಣಸಿನಕಾಯಿಯಿಂದ ಬಣ್ಣ ತೆಗೆಯುವ ಒಂದು ಕಾರ್ಖಾನೆಗೆ ಮಾಲು ಹಿಡಿಯುವ ಖರೀದಿದಾರ ಬಂದ. ಡಬ್ಬಿ, ಕಡ್ಡಿ ಎರಡರ ಸ್ಯಾಂಪಲ್ ತೋರಿಸಿ ಎಂದ. ಆಫೀಸಿನಲ್ಲಿದ್ದ ಗುಮಾಸ್ತ ಒಳಗೆ ಆಳು ಕಳಿಸಿದ. ಆಳು ರ‍್ಯಾಕಿನ ಮೇಲೆ ಹೆಸರು ಬರೆದ ಎರಡು ಡಬ್ಬಿ ಕಂಡು ಎತ್ತಿಕೊಂಡು ಬಂದ. ಗುಮಾಸ್ತ ಮಾತಾಡುತ್ತಲೇ, ಒಳಗೆ ನೋಡದೆ ಮುಚ್ಚಳ ತೆಗೆದು, ಸ್ಯಾಂಪಲ್ ತೋರಿಸುವ ಸ್ಟೀಲ್ ತಟ್ಟೆಗೆ ಎರಡನ್ನೂ ಒಟ್ಟಿಗೆ ಸುರಿದ.

ನನಗೆ ಮಾಮೂ ಫೋನ್ ಮಾಡಿದ್ದು ಆಮೇಲೆ. ಉರ್ದು ಬರಲಿಲ್ಲ, ಕನ್ನಡ ಬಂತು.

“ಎಲ್ಲಿದ್ದೀ? ಲಗೂ ಬಾ. ನಿನ್ನ ಹುಳ ತಗೊಂಡು ಹೋಗು.”

ಸಿಕ್ಕ ಬಸ್ಸು ಹತ್ತಿ ಬ್ಯಾಡಗಿಗೆ ಹೋದೆ. ಆಫೀಸಿನ ಮುಂದೆ ಜನ ಕೂಡಿದ್ದರು. ಮೆಣಸಿನಕಾಯಿ ವ್ಯಾಪಾರದಲ್ಲಿ ‘ಹುಳ’ ಎನ್ನುವ ಪದ ಎಷ್ಟು ಕೆಟ್ಟದ್ದು ಎಂದು ನನಗೆ ಅವತ್ತು ತಿಳಿಯಿತು. ಇಂಥ ಕೋಲ್ಡ್ ಸ್ಟೋರೇಜಿನಲ್ಲಿ ಹುಳ ಬಿದ್ದಾವಂತೆ ಎಂದು ಒಬ್ಬ ಹೇಳಿದರೆ ಸಾಕು, ಮಾರ್ಕೆಟ್ ಯಾರ್ಡಿನ ಆ ತುದಿಗೆ ಸುದ್ದಿ ಮುಟ್ಟಿರುತ್ತದೆ. ಖರೀದಿದಾರ ಮಾಲು ಬೇಡವೆಂದು ಎದ್ದು ಹೊರಟಿದ್ದ. ಬಾಗಿಲಲ್ಲಿ ನಿಂತು ಮಾಮೂಗೆ ಹೇಳುತ್ತಿದ್ದ:

“ಸಾಹೇಬ್ರ, ಇಷ್ಟು ವರ್ಷ ನಿಮ್ಮ ಮಾತಿನ ಮ್ಯಾಲೆ ಮಾಲು ಎತ್ತೇನಿ. ಇನ್ನ ಹೆಂಗ ಎತ್ಲಿ?”

“ಅವು ಮೆಣಸಿನಕಾಯಿ ಹುಳ ಅಲ್ರಿ. ಸಮುದ್ರದ್ದು. ನಮ್ಮ ಹುಡುಗಿ ಕಾಲೇಜಿಂದು.”

“ಸಮುದ್ರದ ಹುಳ ಬ್ಯಾಡಗಿಗೆ ಯಾಕ ಬಂದಾವು?”

ಮಾಮೂ ನನ್ನ ಕಡೆ ತಿರುಗಿದರು. ಉತ್ತರ ನನ್ನ ಬಳಿ ಇತ್ತು, ಆದರೆ ನಾನು ಅವರ ಕಡೆ ನೋಡುತ್ತಲೇ ಇರಲಿಲ್ಲ. ತಟ್ಟೆ ಬಿಸಿಲು ಬೀಳುವ ಕಿಟಕಿಯ ಪಕ್ಕದಲ್ಲಿತ್ತು. ಆಲ್ಕೋಹಾಲ್ ಬಹುಪಾಲು ಹಾರಿಹೋಗಿತ್ತು. ಕಡ್ಡಿಯೂ ಡಬ್ಬಿಯೂ ಒಂದೇ ಗುಪ್ಪೆಯಾಗಿ ಬಿದ್ದಿದ್ದವು. ಒಂದೊಂದು ಹುಳದ ಜತೆ ಒಳಗೆ ಹಾಕಿದ್ದ ಕಾಗದದ ಚೀಟಿಗಳು ಅವುಗಳ ನಡುವೆ ಎಲ್ಲೋ ಮುದುಡಿಕೊಂಡಿದ್ದವು, ಯಾವ ಚೀಟಿ ಯಾವುದರದ್ದು ಎಂದು ಹೇಳುವ ಹಾಗಿರಲಿಲ್ಲ. ಅಳು ಬಂತು. ಅಷ್ಟು ಜನರ ಮುಂದೆ ಅಳಬಾರದೆಂದು ಚಿಮಟ ಕೇಳಿದೆ, ಅಲ್ಲಿ ಯಾರ ಬಳಿ ಚಿಮಟ ಇರುತ್ತದೆ. ಕೊನೆಗೆ ಬೆರಳಿನಿಂದಲೇ ಒಂದೊಂದಾಗಿ ಎತ್ತಿ ಡಬ್ಬಿಗೆ ಹಾಕಿದೆ.

ಹೊರಡುವಾಗ ಮಾಮೂ ಗೇಟಿನವರೆಗೆ ಬಂದರು. ಮಾಲೀಕರು ಅವರನ್ನು ಒಳಗೆ ಕರೆದು ಮಾತಾಡಿದ್ದರಂತೆ. ಏನೆಂದು ನನಗೆ ಹೇಳಲಿಲ್ಲ. ಇಷ್ಟೇ ಕೇಳಿದರು:

“ಹೆಸರಾದ್ರೂ ಇಡ್ತೀ ಹೌದಿಲ್ಲೋ?”

ಆ ಹೆಸರು ಬಂದರೆ ಇವತ್ತಿನ ಅವಮಾನಕ್ಕೆ ಒಂದು ಅರ್ಥ ಬರುತ್ತದೆ ಎಂದು ಅವರು ನಂಬಿದ್ದರು. ಇಡ್ತೇನಿ ಎಂದೆ.

ಕಾಲೇಜಿನಲ್ಲಿ ಮೊದಲು ಮಾಡಿದ ಕೆಲಸ ಹೊಸ ಆಲ್ಕೋಹಾಲ್ ಹಾಕಿ ಅವನ್ನು ನೆನೆಸಿದ್ದು. ಹೆಚ್ಚಿನವು ಬದುಕಿಕೊಂಡವು. ಬದುಕಿಕೊಂಡವು ಎನ್ನುವುದು ನಮ್ಮ ಭಾಷೆ, ಕೊಯ್ಯಲು ಬರುತ್ತವೆ ಎಂದರ್ಥ. ಮುಂದಿನ ಪ್ರಶ್ನೆ ಯಾವುದು ಕಡ್ಡಿ, ಯಾವುದು ಡಬ್ಬಿ ಎನ್ನುವುದು. ಸ್ಲಗ್‌ಗಳ ಬಣ್ಣ ಆಲ್ಕೋಹಾಲಿನಲ್ಲಿ ಮೊದಲ ದಿನವೇ ಹೋಗಿಬಿಡುತ್ತದೆ, ಎಲ್ಲವೂ ತಿಳಿ ಹಳದಿ ಮುದ್ದೆ. ಜೀವಂತವಿದ್ದಾಗ ತೆಗೆದ ಫೋಟೋಗಳಿದ್ದವು, ಆದರೆ ಯಾವ ಫೋಟೋ ಯಾವ ದೇಹದ್ದು ಎಂಬ ನಂಟು ತಟ್ಟೆಯಲ್ಲೇ ಕಡಿದಿತ್ತು. ಡಿಎನ್‌ಎ ನೋಡಿ ಹೇಳಬಹುದಲ್ಲ ಎನ್ನುತ್ತಾರೆ. ಹಿಂದೆಯೇ ಕೆಲವನ್ನು ಕಳಿಸಿದ್ದೆ. ಸ್ಲಗ್‌ನ ಲೋಳೆ ಆ ಪರೀಕ್ಷೆಗೆ ಅಡ್ಡ ಬರುತ್ತದೆ. ಓದಲು ಬರುವ ಒಂದು ಫಲಿತಾಂಶವೂ ಬಂದಿರಲಿಲ್ಲ.

ಗೈಡ್ ಸರ್‌ಗೆ ಫೋನಿನಲ್ಲಿ ಎಲ್ಲ ಹೇಳಿದೆ. ಅವರು ಗಾಬರಿಯಾಗಲಿಲ್ಲ.

“ಆಧಾರ ಮಾದರಿ ನನ್ನ ಹತ್ರ ಐತಿ. ನೀವು ಕೊಯ್ದು ನೋಡಿದ್ದು, ಚಿತ್ರ ತಗದದ್ದು ಎಲ್ಲಾ ಐತಿ. ಅಷ್ಟು ಸಾಕು. ಮಿಕ್ಸ್ ಆದದ್ದನ್ನ ಬಿಟ್ಟು ಪೇಪರ್ ಕಳಸೂಣು.”

“ಸರ್, ಅವು ಎರಡು ಜಾತಿ ಅಂದ್ರ, ಚೀಟಿ ಇಲ್ದಿದ್ರೂ ನನಗ ಗೊತ್ತಾಗಬೇಕಲ್ರಿ.”

“ಗೊತ್ತಾಗ್ತೈತಿ. ಮಾಡಿ ನೋಡ್ರಿ ಬೇಕಾರ. ಆದ್ರ ಪೇಪರ್ ತಡಾ ಮಾಡಬ್ಯಾಡ್ರಿ.”

ನಾನೂ ಗೊತ್ತಾಗುತ್ತದೆಂದೇ ನಂಬಿದ್ದೆ. ಪರೀಕ್ಷೆಗೆ ಇಳಿದದ್ದು ಸಂಶಯದಿಂದಲ್ಲ, ಹಟದಿಂದ. ಗುಮಾಸ್ತನೊಬ್ಬ ತಟ್ಟೆಗೆ ಸುರಿದ ಮಾತ್ರಕ್ಕೆ ನನ್ನ ಜಾತಿ ಕಳೆದುಹೋಗುತ್ತದೆಯೇ ಎಂಬ ಹಟ. ಸಸ್ಯಶಾಸ್ತ್ರದ ಸಹೋದ್ಯೋಗಿಯೊಬ್ಬರು ಅಗಡಿಯಿಂದ ಬರುತ್ತಾರೆ, ಬೇರೆಯವರ ಕೆಲಸಕ್ಕೂ ಬೇಸರ ಪಡದ ಹೆಂಗಸು. ಅವರು ಪ್ರತಿಯೊಂದು ಸ್ಲಗ್ಗನ್ನು ಪ್ರತ್ಯೇಕ ಟ್ಯೂಬಿಗೆ ಹಾಕಿ ಸಂಕೇತ ಬರೆದರು. ನಾನು ಒಂದೊಂದೇ ನೋಡಿ ಕಡ್ಡಿ ಅಥವಾ ಡಬ್ಬಿ ಎಂದು ಹೇಳುತ್ತ ಹೋದೆ, ಅವರು ಬರೆದುಕೊಂಡರು. ಕೆಲವು ದಿನ ಬಿಟ್ಟು ಅವರೇ ಸಂಕೇತ ಬದಲಿಸಿ ಮತ್ತೆ ತಂದಿಟ್ಟರು. ಮತ್ತೆ ಹೇಳಿದೆ.

ಅವರು ಎರಡು ಸಲದ ಪಟ್ಟಿಗಳನ್ನೂ ಪಕ್ಕಪಕ್ಕ ಹಿಡಿದು ಬೆರಳಿಟ್ಟು ತೋರಿಸಿದರು.

“ಮ್ಯಾಡಂ, ಭಾಳ ಸಣ್ಣವು ಎರಡೂ ಸಲ ಕಡ್ಡಿ ಅಂದೀರಿ. ಭಾಳ ದೊಡ್ಡವು ಎರಡೂ ಸಲ ಡಬ್ಬಿ. ನಡಕಿನವು ನೋಡ್ರಿ. ಮೊದಲ ಕಡ್ಡಿ ಅಂದದ್ದನ್ನ ಈಗ ಡಬ್ಬಿ ಅಂದೀರಿ.”

ಮಧ್ಯದವು ಎನ್ನುವ ಮಾತು ನನಗೆ ನಾಟಿತು. ನಾನು ಈ ಮೊದಲು ಮಧ್ಯದವನ್ನು ಒಂದನ್ನೂ ಕೊಯ್ದಿರಲಿಲ್ಲ. ಚಿತ್ರ ಚೆಂದ ಬರಲಿ ಎಂದು ತೀರ ಕಡ್ಡಿಯಾದ ಕಡ್ಡಿ, ತೀರ ಡಬ್ಬಿಯಾದ ಡಬ್ಬಿ, ಇವನ್ನೇ ಆರಿಸಿದ್ದೆ. ವ್ಯಾಪಾರಸ್ಥರು ಸ್ಯಾಂಪಲ್ ಆರಿಸುವುದೂ ಹಾಗೆಯೇ.

ಉಳಿದವನ್ನೆಲ್ಲ ಕೊಯ್ಯಲು ಕೂತೆ. ದಿನಾ ತರಗತಿ ಮುಗಿದ ಮೇಲೆ ರೈಲಿನ ಹೊತ್ತಿನವರೆಗೆ ಅದೇ ಕೆಲಸ. ಮೈಯ ಉದ್ದ ಅಳೆದು, ಬಾಯಿ ಕತ್ತರಿಸಿ, ಕರಗಿಸಿ, ತೊಳೆದು, ಹಲ್ಲಿನ ಪಟ್ಟಿ ಹರಡುವುದು. ಕೂದಲಿಗಿಂತ ತೆಳುವಾದ ಪಟ್ಟಿ, ಸೀನಿದರೆ ಹಾರಿಹೋಗುತ್ತದೆ. ಒಂದೆರಡು ಹಾರಿಯೂ ಹೋದವು. ಗಾಜುಗಳನ್ನು ಪ್ರಾಣಿಯ ಉದ್ದದ ಪ್ರಕಾರ ಸಾಲಾಗಿ ಜೋಡಿಸಿ ಮೊದಲಿನಿಂದ ಕೊನೆಯವರೆಗೆ ನೋಡಿದೆ. ಸಣ್ಣದರ ಹಲ್ಲು ನುಣುಪು. ಸ್ವಲ್ಪ ದೊಡ್ಡದರಲ್ಲಿ ಅಂಚಿಗೊಂದು ಸಣ್ಣ ಕಚ್ಚು. ಅದಕ್ಕಿಂತ ದೊಡ್ಡದರಲ್ಲಿ ಇನ್ನಷ್ಟು. ಎಲ್ಲಿಯೂ ಒಂದು ಗೆರೆ ಎಳೆದು ಇಲ್ಲಿಗೆ ಇದು ಮುಗಿಯಿತು, ಇಲ್ಲಿಂದ ಅದು ಶುರುವಾಯಿತು ಎನ್ನಲು ಜಾಗವಿರಲಿಲ್ಲ. ಹೊಟ್ಟೆ ಬಿಡಿಸಿ ನೋಡಿದರೆ ದುಂಡಗಿದ್ದವುಗಳ ಒಳಗೆ ಮೊಟ್ಟೆ ಇಡುವ ಗ್ರಂಥಿ ಬಲಿತು ತುಂಬಿಕೊಂಡಿತ್ತು. ತೆಳ್ಳಗಿನವುಗಳಲ್ಲಿ ಅದು ಇನ್ನೂ ಎಳೆಯದು. ಡಬ್ಬಿ ಅಂದರೆ ಬೆಳೆದು ಮೊಟ್ಟೆ ಇಡಲು ಸಿದ್ಧವಾದ ಕಡ್ಡಿ. ಅಷ್ಟೇ.

ನಂಬಲು ಮನಸ್ಸಾಗಲಿಲ್ಲ. ಗಾಜು ಕೊಳೆಯಾಗಿದೆ ಎಂದುಕೊಂಡೆ, ಬಿಸಿಲಿಗೆ ಬಿದ್ದು ಒಳಗಿನ ಅಂಗ ಕೆಟ್ಟಿರಬೇಕು ಎಂದುಕೊಂಡೆ. ರೈಲಿನಲ್ಲಿ ಯಾರು ಮಾತಾಡಿಸಿದರೂ ಮುಖ ತಿರುಗಿಸಿದೆ. ಮನೆಯಲ್ಲಿ ಅಮ್ಮಿ ಮೈ ಬಿಸಿಯಾಗಿದೆಯೇ ಎಂದು ಹಣೆ ಮುಟ್ಟಿ ನೋಡಿದಳು. ಬಿಸಿಲಿಗೆ ಬೀಳದ ಒಂದೇ ಒಂದು ಮಾದರಿ ಗೈಡ್ ಸರ್ ಲ್ಯಾಬಿನಲ್ಲಿತ್ತು, ಆಧಾರ ಮಾದರಿ. ಹೋಗಿ ಅದರ ಹಲ್ಲಿನ ಪಟ್ಟಿಯ ಗಾಜನ್ನೂ ನನ್ನ ಸಾಲಿನ ಪಕ್ಕದಲ್ಲಿಟ್ಟೆ. ಅದು ತನ್ನ ಉದ್ದಕ್ಕೆ ತಕ್ಕ ಜಾಗದಲ್ಲಿ, ಸಾಲಿನ ಕೊನೆಯಲ್ಲಿ, ಒಂದಿಷ್ಟೂ ಎಡವಟ್ಟಿಲ್ಲದೆ ಕೂತಿತು.

ಗೈಡ್ ಸರ್ ಬಹಳ ಹೊತ್ತು ಸೂಕ್ಷ್ಮದರ್ಶಕದ ಮೇಲೆ ಬಗ್ಗಿದ್ದರು.

“ತಟ್ಟೆ ಒಳಗ ಮಿಕ್ಸ್ ಆದ ಮಾದರಿ ಮ್ಯಾಲೆ ತೀರ್ಮಾನ ಮಾಡೂದು ಸರಿ ಅಲ್ಲ ಅಂತ ಯಾರರ ವಾದ ಮಾಡಬಹುದು,” ಎಂದರು. “ಪೇಪರ್ ರೆಡಿ ಐತಿ. ಮುಂದ ಬ್ಯಾರೆದವ್ರು ಯಾರರ ತಿದ್ದತಾರ. ಇದು ಹೋದ್ರ ನಿಮ್ಮ ಥೀಸಿಸ್‌ದಾಗ ಏನು ಉಳೀತೈತಿ, ವಿಚಾರ ಮಾಡೀರೇನು?”

ವಿಚಾರ ಮಾಡಿದ್ದೆ. ಏನೂ ಉಳಿಯುವುದಿಲ್ಲ ಎಂದು ಗೊತ್ತಿತ್ತು. ಕಾಯಂ ಕೆಲಸದ ಆಸೆಯೂ ಅದರ ಜತೆಗೇ ಹಿಂದಕ್ಕೆ ಹೋಗುತ್ತದೆಂದೂ ಗೊತ್ತಿತ್ತು. ಅವರ ಮೇಲೆ ಸಿಟ್ಟು ಬರಲಿಲ್ಲ, ಅವರು ನನ್ನ ಒಳ್ಳೆಯದಕ್ಕೇ ಹೇಳುತ್ತಿದ್ದರು. ಆದರೆ ಮಧ್ಯದವನ್ನು ನಾನು ಕಣ್ಣಾರೆ ನೋಡಿಬಿಟ್ಟಿದ್ದೆ.

“ಎರಡಕ್ಕೂ ಒಂದ ಚೀಟಿ ಬರೀತೇನಿ ಸರ್. ಪೇಪರ್ ಬ್ಯಾಡ,” ಎಂದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡರು. ಅವಧಿ ವಿಸ್ತರಣೆಗೆ ಅರ್ಜಿ ಕೊಡಿ ಎಂದಷ್ಟೇ ಹೇಳಿದರು.

ಅದೆಲ್ಲಕ್ಕಿಂತ ಮಾಮೂಗೆ ಹೇಳುವುದು ಕಷ್ಟವಾಯಿತು. ನಾಳೆ, ನಾಡಿದ್ದು ಎಂದು ತಳ್ಳುತ್ತ ಬಂದೆ. ದಿನಾ ರೈಲು ಬ್ಯಾಡಗಿಯಲ್ಲಿ ನಿಂತಾಗ ಮೆಣಸಿನಕಾಯಿ ಘಾಟಿಗೆ ಬೋಗಿಯಲ್ಲಿದ್ದವರೆಲ್ಲ ಸೀನುತ್ತಿದ್ದರು, ನಾನು ಕಿಟಕಿಯ ಆಚೆ ನೋಡದೆ ಕೂರುತ್ತಿದ್ದೆ. ಒಂದು ದಿನ ಮಾಮೂನೇ ಹಾವೇರಿಗೆ ಬಂದವರು ಕಾಲೇಜಿಗೆ ಬಂದರು. ಮೊದಲ ಸಲ. ಲ್ಯಾಬಿನ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಕಾಲಿಟ್ಟರು.

“ನಮ್ಮ ಬ್ಯಾಡಗಿ ಹುಳ ತೋರ್ಸು.”

ಟ್ಯೂಬಿನಿಂದ ತೆಗೆದು ಗಾಜಿನ ತಟ್ಟೆಯಲ್ಲಿ ಇಟ್ಟೆ. ಬಗ್ಗಿ ನೋಡಿದರು.

“ಕೆಂಪು ಎಲ್ಲೈತಿ?”

“ಆಲ್ಕೋಹಾಲಿನ್ಯಾಗ ಇಟ್ರ ಬಣ್ಣ ಹೋಗ್ತೈತಿ ಮಾಮೂ.”

“ಬಣ್ಣ ಹೋಗಬಾರ್ದು ಅಂತನ ನಾವು ಮೆಣಸಿನಕಾಯಿ ಥಂಡ್ಯಾಗ ಇಡೂದು. ನಿಂದು ಥಂಡ್ಯಾಗ ಇಟ್ರೂ ಹೋಗೇತಿ.” ನೇರ ನಿಂತು ನನ್ನ ಮುಖ ನೋಡಿದರು. “ಹೆಸರು ಯಾವಾಗ ಇಡ್ತೀ?”

ಹೇಳಿದೆ. ಎರಡಲ್ಲ ಒಂದೇ ಎಂದೆ. ಸಣ್ಣದು ಬೆಳೆದು ದೊಡ್ಡದಾಗಿದೆ ಅಷ್ಟೆ, ಅದಕ್ಕೆ ಹಳೆಯ ಹೆಸರೊಂದು ಇದೆ, ಹೊಸದು ಇಡಲು ಬರುವುದಿಲ್ಲ ಎಂದೆ. ಅವರು ಸ್ಟೂಲಿನ ಮೇಲೆ ಕೂತರು.

“ಯಾರಿಗೆ ಗೊತ್ತಾಗ್ತೈತಿ?”

“ನನಗ ಗೊತ್ತಾಗೇತಿ.”

“ನಾನು ಮಂದಿಗೆಲ್ಲಾ ಹೇಳಿಬಿಟ್ಟೇನಿ,” ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ನನಗೆ ಸುಲಭವಾಗುತ್ತಿತ್ತು. ಚಹಾ ತರಿಸುತ್ತೇನೆಂದೆ, ಬೇಡವೆಂದರು. ಚಪ್ಪಲಿ ಮೆಟ್ಟಿಕೊಂಡು ಹೊರಟೇಹೋದರು. ಆಮೇಲೆ ಬಹಳ ದಿನ ಮನೆಗೆ ಬಂದರೂ ನನ್ನ ಕೆಲಸದ ಸುದ್ದಿ ಎತ್ತಲಿಲ್ಲ.

ಮುಂದಿನ ಸೀಸನ್ ಶುರುವಾದಾಗ ಅಮ್ಮಿ ಕೊಟ್ಟ ಬುತ್ತಿ ಮುಟ್ಟಿಸಲು ಬ್ಯಾಡಗಿಯಲ್ಲಿ ಇಳಿದೆ. ಕೋಲ್ಡ್ ಸ್ಟೋರೇಜಿನ ಆಫೀಸಿನಲ್ಲಿ ಸ್ಟೀಲ್ ತಟ್ಟೆಯ ಮುಂದೆ ಅದೇ ಖರೀದಿದಾರ ಕೂತಿದ್ದ. ಸಂಬಂಧ ಮತ್ತೆ ಕೂಡಿತ್ತು, ಆದರೆ ಒಂದೊಂದು ಕಾಯನ್ನೂ ಮುರಿದು ಬೀಜ ಉದುರಿಸಿ ನೋಡುತ್ತಿದ್ದ. ಮಾಮೂ ಅದನ್ನು ಸುಮ್ಮನೆ ನೋಡುತ್ತ ನಿಂತಿದ್ದರು. ನನ್ನನ್ನು ಕಂಡು ಖರೀದಿದಾರ ನಕ್ಕ.

“ಬರ್ರಿ ಹುಳದ ಮ್ಯಾಡಂ. ಏನ್ ಸಾಹೇಬ್ರ, ನಿಮ್ಮ ಹುಳಕ್ಕ ಊರ ಹೆಸರು ಇಟ್ರೇನು?”

ನಾನು ಬಾಯಿ ತೆರೆಯುವ ಮೊದಲೇ ಮಾಮೂ ನನ್ನ ಕೈಯಿಂದ ಬುತ್ತಿ ತೆಗೆದುಕೊಂಡರು.

“ಇಲ್ಲ. ಅದಕ್ಕ ಮೊದಲಿಂದ ಒಂದು ಹೆಸರು ಐತಂತ,” ಎಂದರು. “ನಮ್ಮಾಕಿ ಒಂದೂ ಬಿಡದ ಕೊಯ್ದು ನೋಡಿ ಹೇಳ್ಯಾಳ.”

ಖರೀದಿದಾರ ನಗುವುದನ್ನು ನಿಲ್ಲಿಸಿ ಅವರನ್ನೊಮ್ಮೆ, ನನ್ನನ್ನೊಮ್ಮೆ ನೋಡಿದ. ಕೈಯಲ್ಲಿದ್ದ ಕಾಯನ್ನು ಮುರಿಯದೆ ತಟ್ಟೆಗೆ ಹಾಕಿದ.